ಹೊಸ್ತಿಲಿಗೆ ಸುರಿದ ಉಡಿ

“ಅಕ್ಕನ ಉಡಿಯಾಗ ನಮ್ಮನಿ ಕೊಬ್ಬರಿ, ತಮ್ಮನ ಬಾಯಾಗ ಯಾದಗಿರಿ ಮಾತು! ಏನಲೇ ಶರಣ್ಯಾ, ಉಣ್ಣೂದು ಒಂದು ಮನ್ಯಾಗ, ಬೊಗಳೂದು ಇನ್ನೊಂದು ಮನಿ ಮುಂದೇನು?”

ಗುರುಸಿದ್ದಪ್ಪ ಇದನ್ನು ಮೈಕಿನಲ್ಲೇ ಕೇಳಿದ. ಹನುಮಪ್ಪನ ಗುಡಿಯ ಮುಂದೆ ಗಲ್ಲಿಗೆ ಗಲ್ಲಿಯೇ ನೆರೆದಿತ್ತು. ಮೊದಲು ಅವನ ಹಿಂದೆ ನಿಂತ ಚೇಲಾಗಳು ನಕ್ಕರು, ಆಮೇಲೆ ಮುಂದೆ ಕುಳಿತವರು ನಕ್ಕರು. ನಗಬೇಕೋ ಬೇಡವೋ ಎಂದು ಆಚೀಚೆ ನೋಡುತ್ತಿದ್ದವರೂ ಕಡೆಗೆ ನಕ್ಕೇಬಿಟ್ಟರು.

ಶಿವಶರಣಪ್ಪನ ಕೈಯಲ್ಲಿ ನೀರಿನ ಬಾಟಲಿ ಇತ್ತು. ಅವರ ಗಲ್ಲಿಯ ನಲ್ಲಿಯಲ್ಲಿ ಬೆಳಿಗ್ಗೆ ಹಿಡಿದ ನೀರು. ಹಾಲು ಕಡಿಮೆ ಹಾಕಿದ ಚಹಾದ ಬಣ್ಣ. ಅದನ್ನು ಎತ್ತಿ ಹಿಡಿದು ಅವನು ಕೇಳಿದ್ದು ಇಷ್ಟೇ: “ಕುಡಿಯೋ ನೀರಿನ ಪೈಪ್ ಮೋರಿಯೊಳಗ ಯಾಕ ಹಾಸಿದ್ರಿ?” ಪೈಪಿನ ಗುತ್ತಿಗೆ ಗುರುಸಿದ್ದಪ್ಪನದೇ. ಬೇರೆ ಕಾಲುವೆ ತೋಡುವ ಖರ್ಚು ಉಳಿಸಲು ಅವನು ಪೈಪನ್ನು ಮೋರಿಯಲ್ಲೇ ಮಲಗಿಸಿದ್ದ. ಅದು ಒಡೆಯಿತು, ಗಲ್ಲಿಗೆ ಕಾಮಾಲೆ ಬಂತು. ಈಗ ಹೈದರಾಬಾದಿನ ಕಾರ್ಪೊರೇಷನ್ನಿಗೆ ಎಷ್ಟೋ ವರ್ಷಗಳ ಮೇಲೆ ಚುನಾವಣೆ ಬಂದಿತ್ತು, ಅದೇ ಮನುಷ್ಯ ಕೈಮುಗಿದುಕೊಂಡು ನಿಂತಿದ್ದ.

ಸನತ್‌ನಗರದ ಆ ಗಲ್ಲಿಯಲ್ಲಿ ಇದ್ದವರೆಲ್ಲ ಲಿಂಗಸೂರಿನ ಕಡೆಯಿಂದ ಬಂದು ಕಾರ್ಖಾನೆ ಸೇರಿದವರು. ಗುರುಸಿದ್ದಪ್ಪನೂ ಆ ಕಡೆಯವನೇ. ‘ನಮ್ಮಾಂವ’ ಎಂಬ ಒಂದು ಮಾತಿಗೆ ಈ ಜನ ಎಷ್ಟೆಲ್ಲ ಮಾಫಿ ಮಾಡುತ್ತಾರೆಂದರೆ, ಹಳದಿ ಕಣ್ಣು ಬಿಟ್ಟುಕೊಂಡು ಮಲಗಿದವನೂ ‘ಏನೇ ಆಗಲಿ, ನಮ್ಮಾಂವ ಹಾಕಿಸಿದ ಪೈಪು’ ಎನ್ನುತ್ತಿದ್ದ.

ಓಟಿಗೆ ಅವನ ಎದುರು ನಿಂತವನು ಯಾದಗಿರಿ. ತೆಲುಗಿನವನು. ಶರಣ ದುಡಿಯುವ ಫ್ಯಾನಿನ ಕಾರ್ಖಾನೆಯಲ್ಲಿ ಯೂನಿಯನ್ ಕಟ್ಟಿದವನು. ಮಾಲೀಕನ ಕೈಯಿಂದ ಒಂದು ಕಪ್ ಚಹಾ ಕೂಡ ಕುಡಿದವನಲ್ಲ. ಅವನು ಹುಡುಗರನ್ನು ಕೂಡಿಸಿ ತೆಲುಗಿನಲ್ಲಿ ಹೇಳಿದ್ದ: “ಯಾರು ಏನು ತಗೊಂಡರು ಅಂತ ಕೆದಕಬೇಡಿ. ತಗೊಂಡವರ ಓಟೂ ಓಟೇ. ನೀರು ತೋರಿಸಿ, ಪೈಪು ತೋರಿಸಿ, ಬಂದುಬಿಡಿ. ಪರದೆಯ ಹಿಂದೆ ಅವರವರ ಬುದ್ಧಿ ಅವರವರಿಗಿರುತ್ತದೆ.”

ಶರಣನಿಗೆ ಇಂಥ ಮೆತ್ತನೆಯ ಮಾತು ರುಚಿಸಲಿಲ್ಲ. ಅಪ್ಪ ಸತ್ತ ವರ್ಷ ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು ಡ್ರಿಲ್ಲಿಂಗ್ ಮಿಷನ್ನಿಗೆ ನಿಂತವನು ಅವನು. ಲೂಟಿ ಮಾಡಿದವನ ಮೇಲಿನಷ್ಟೇ ಸಿಟ್ಟು ಲೂಟಿ ಮಾಡಿಸಿಕೊಂಡು ನಗುವವರ ಮೇಲೂ ಇತ್ತು. ಬಾಗಿಲು ಬಾಗಿಲಿಗೆ ನಿಂತು ಕೂಗಿದ್ದ: “ಅವನ ಕಡಿಂದ ಒಂದು ಎಲಿ ಅಡಿಕಿ ತಗೊಂಡ್ರೂ ಅವರ ಮಾರಿ ಮ್ಯಾಲ ಉಗುಳ್ತೀನಿ.”

ಈಗ ಆ ಉಗುಳು ತನ್ನ ಮುಖದ ಮೇಲೇ ಇಳಿಯುತ್ತಿತ್ತು. ಅವನು ಬಾಟಲಿ ಅಲ್ಲೇ ಇಟ್ಟು ಮನೆಯ ಕಡೆ ನಡೆದ.

ಅಕ್ಕ ಶಿವದೇವಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹಿಂದಿನ ವಾರ ಅವಳ ಕುಬಸವಾಗಿತ್ತು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಮುತ್ತೈದೆಯರು ಅವಳ ಸೆರಗಿನ ಮಡಿಲಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನಕೊಂಬು ಹಾಕಿ ಹರಸುವ ದಿನ. ಅದೇ ದಿನ ಶರಣ ಪ್ರಚಾರಕ್ಕೆ ಹೋಗಿದ್ದ. ಬಂದು ಹೋಳಿಗೆ ಉಂಡಿದ್ದ. ಸೀರೆ ಭಾವನ ಮನೆಯವರು ತಂದದ್ದು ಅಂದುಕೊಂಡಿದ್ದ.

“ಆ ಸೀರಿ ಯಾರು ತಂದ್ರು?” ಒಳಗೆ ಕಾಲಿಡುತ್ತಲೇ ಕೇಳಿದ.

ತಾಯಿ ಬಸಲಿಂಗಮ್ಮ ರೊಟ್ಟಿ ಬಡಿಯುತ್ತಿದ್ದಳು. “ಸುಹಾಸಿನಿಬಾಯಿ ತಂದ್ಳು. ಗುರುಸಿದ್ದಪ್ಪನ ಹೇಂತಿ. ಯಾಕಪಾ?”

“ಯಾಕಂತ ಕೇಳ್ತಿಯಲ್ಲ ಬೇ! ಗುಡಿ ಮುಂದ ಮೈಕಿನ್ಯಾಗ ನನ್ನ ಮಾನ ಹರಾಜ ಹಾಕಿದ.”

“ಕರೀದಿದ್ರೂ ಬಂದಿದ್ಳು. ಉಡಿ ತುಂಬಾಕ ಬಂದಾಕಿ ಮುಂದ ಬಾಗಲ ಮುಚ್ಚಬೇಕಿತ್ತೇನು? ಓಟಿನ ಮಾತು ಒಂದೂ ಎತ್ತಲಿಲ್ಲ.”

“ಆಕಿ ಎತ್ತೂದ್ಯಾಕ? ಆಕಿ ತಂದ ಕೊಬ್ಬರಿ ಬಟ್ಟಲೇ ಎತ್ತತೈತಿ!”

ಗೋಡೆಗೆ ಒರಗಿ ಕುಳಿತಿದ್ದ ಶಿವದೇವಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಅಂದಳು, “ಊರ ಮಂದೀಗೆಲ್ಲ ಭಾಷಣ ಮಾಡಿ ಬಂದಿ. ಈ ಮನ್ಯಾಗ ನಿಂದು ಬಿಟ್ಟು ಎರಡು ಓಟು ಅದಾವು, ನನ್ನ ಹೆಸರೂ ಇನ್ನೂ ಇಲ್ಲೇ ಐತಿ. ಒಂದು ದಿನಾರ ಕುಂತು, ಅಕ್ಕಾ ನೀ ಯಾರಿಗೆ ಹಾಕ್ತಿ ಅಂತ ಕೇಳಿದೇನೋ?”

“ಕೇಳೂದೇನೈತಿ? ಮಾರಿಕೊಂಡೀರಿ.”

ಶಿವದೇವಿ ಏನೋ ಹೇಳಲು ಬಾಯಿ ತೆರೆದಳು. ತಮ್ಮನ ಮುಖ ನೋಡಿ ಮುಚ್ಚಿಕೊಂಡಳು.

ಅವನು ಟ್ರಂಕಿನಿಂದ ಹಸಿರು ಸೀರೆ ಎಳೆದ. ಒಳಗಿನ ದೇವರ ಜಗಲಿಯ ಮೇಲಿಟ್ಟಿದ್ದ ಉಡಿಯಕ್ಕಿಯ ಗಂಟು ತೆಗೆದುಕೊಂಡ. ಬಸಲಿಂಗಮ್ಮ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

“ಬ್ಯಾಡೋ ಯಪ್ಪಾ. ಬಸುರಿ ಉಡಿ ಬರಿದು ಮಾಡಬಾರದು. ನಿನ್ನ ಕಾಲ ಬೀಳ್ತೀನಿ.”

ಬಿದ್ದೇಬಿಟ್ಟಳು. ಹೆತ್ತ ತಾಯಿ. ಅವನು ಅವಳ ಕೈ ಬಿಡಿಸಿಕೊಂಡು ದಾಟಿ ಹೋದ.

ಗುರುಸಿದ್ದಪ್ಪನ ಮನೆಯ ಮುಂದೆ ಸಭೆ ಮುಗಿಸಿ ಬಂದವರ ಗುಂಪಿತ್ತು. ಶರಣ ಗಂಟು ಬಿಚ್ಚಿ ಹೊಸ್ತಿಲ ಮೇಲೆ ಸುರಿದ. ಅಕ್ಕಿ ಚೆಲ್ಲಿತು, ಕೊಬ್ಬರಿ ಬಟ್ಟಲು ಉರುಳಿ ಚಪ್ಪಲಿಗಳ ನಡುವೆ ನಿಂತಿತು. ಮೇಲೆ ಸೀರೆ ಒಗೆದ. “ತಗೋ ನಿನ್ನ ಲಂಚ! ನಮ್ಮನಿ ಓಟು ಮಾರಾಟಕ್ಕಿಲ್ಲ!”

ಒಳಗಿನಿಂದ ಬಂದ ಸುಹಾಸಿನಿಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗುರುಸಿದ್ದಪ್ಪ ಬೈಯುತ್ತಾನೆ, ಹೊಡೆಸುತ್ತಾನೆ ಎಂದುಕೊಂಡು ಶರಣ ಮುಷ್ಟಿ ಬಿಗಿದು ನಿಂತಿದ್ದ. ಆ ಕಿಲಾಡಿ ಬೈಯಲಿಲ್ಲ. ಎಲ್ಲರೂ ನೋಡುವಂತೆ ಮಂಡಿಯೂರಿ ಕುಳಿತ, ಅಕ್ಕಿಯನ್ನು ಬೊಗಸೆಯಲ್ಲಿ ಬಳಿದುಕೊಂಡ. “ನನಗ ಏನಾರ ಅನ್ನಪಾ, ತಡಕೊಳ್ತೀನಿ. ಏಳು ತಿಂಗಳ ಬಸುರಿ, ಆ ಹೆಣ್ಮಗಳು ನಿನಗ ಏನು ಮಾಡಿದ್ಳು?”

ಗುಂಪಿನಲ್ಲಿ ಯಾರೂ ನಗಲಿಲ್ಲ. ಜೊತೆಗೆ ಬಂದಿದ್ದ ಕಾರ್ಖಾನೆಯ ಗೆಳೆಯನೊಬ್ಬ ಮಾತ್ರ ದಾರಿಯಲ್ಲಿ ಬೆನ್ನು ತಟ್ಟಿ, “ಶೇರ್ ಹೈ ರೇ ತೂ!” ಎಂದ. ಶರಣನಿಗೂ ತಾನು ಸಿಂಹವೇ ಅನ್ನಿಸಿತು. ಒಂದೇ ರಾತ್ರಿ.

ಬೆಳಿಗ್ಗೆ ಶಿವದೇವಿ ರೊಟ್ಟಿ ಮುಟ್ಟಿರಲಿಲ್ಲ. ಹೊಟ್ಟೆ ಬಿಗಿಹಿಡಿದಿದೆ ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬಾಗಿಲಲ್ಲಿ ಗಲ್ಲಿಯ ಹೆಂಗಸರು ಸೇರುತ್ತಿದ್ದರು. “ಒಡಹುಟ್ಟಿದಾಕಿ ಉಡಿ ಬರಿದು ಮಾಡಿದ್ನಲ್ಲ ತಾಯಿ.” “ಮನ್ಯಾಗಿನ ಹೆಣ್ಣಿಗೆ ಮರ್ಯಾದಿ ಇಲ್ಲದಾಂವ ಮಂದಿಗೆ ನ್ಯಾಯ ಹೇಳ್ತಾನಂತ.” ಅವನಿಗೆ ಕೇಳಲಿ ಎಂದೇ ಹೇಳುತ್ತಿದ್ದರು.

ಅಷ್ಟರಲ್ಲಿ ಸುಹಾಸಿನಿಬಾಯಿ ಬಂದಳು. ತಟ್ಟೆಯಲ್ಲಿ ಹೊಸ ಸೀರೆ, ಹೊಸ ಅಕ್ಕಿ, ಹೊಸ ಕೊಬ್ಬರಿ. ಶಿವದೇವಿಯನ್ನು ತಾನೇ ಎಬ್ಬಿಸಿ ಕೂಡಿಸಿ, ಕುಂಕುಮವಿಟ್ಟು, ಮತ್ತೊಮ್ಮೆ ಉಡಿ ತುಂಬಿದಳು. ಅವಳ ಕಣ್ಣಲ್ಲಿ ನೀರಿತ್ತು. ಅದು ಗಂಡ ಹೇಳಿಕೊಟ್ಟ ನೀರೋ, ನಿಜವಾದ ನೀರೋ, ದೇವರಿಗೇ ಗೊತ್ತು. ಬಹುಶಃ ಎರಡೂ.

ಆಮೇಲೆ ಅವಳು ಹೆಂಗಸರ ಕಡೆ ತಿರುಗಿ ತನ್ನ ಸೆರಗೊಡ್ಡಿದಳು.

“ಯವ್ವಾ, ಇವತ್ತು ನನ್ನ ಉಡಿನೂ ತುಂಬ್ರಿ. ಒಂದೊಂದು ಕಾಳು ಹಾಕಿ ಒಂದೊಂದು ಮಾತು ಕೊಡ್ರಿ. ನನ್ನ ಗಂಡನ ಮಾನ ನಿಮ್ಮ ಕೈಯಾಗ ಐತಿ.”

ಸೆರಗೊಡ್ಡಿದ ಮುತ್ತೈದೆಯನ್ನು ಯಾರು ಬರಿಗೈಯಲ್ಲಿ ಕಳಿಸುತ್ತಾರೆ? ಅದೂ ಆ ಮನೆಯಲ್ಲಿ, ಆ ಬೆಳಿಗ್ಗೆ? ಒಬ್ಬೊಬ್ಬರೇ ತಟ್ಟೆಯಿಂದ ಅಕ್ಕಿಕಾಳು ಎತ್ತಿ ಅವಳ ಸೆರಗಿಗೆ ಹಾಕಿದರು. “ಹಾಕ್ತೀವವ್ವಾ.” “ಆತು ತಾಯಿ.” ಶಿವದೇವಿಯೂ ಹಾಕಿದಳು. ಬಸಲಿಂಗಮ್ಮ ವಿಧವೆ, ದೂರ ನಿಂತಿದ್ದಳು. ಸುಹಾಸಿನಿಬಾಯಿ ತಾನೇ ಅವಳ ಬಳಿ ಹೋಗಿ, “ನೀವೂ ಹಾಕ್ರಿ ದೊಡ್ಡವ್ವಾರ, ನಿಮ್ಮದೂ ಆಶೀರ್ವಾದ ಬೇಕು” ಎಂದಳು. ಗಂಡ ಸತ್ತಮೇಲೆ ಉಡಿ ತುಂಬಲು ಯಾರೂ ಕರೆದಿರಲಿಲ್ಲ ಬಸಲಿಂಗಮ್ಮನನ್ನು. ಅವಳು ಬಾಗಿಲಲ್ಲಿ ನಿಂತ ಮಗನನ್ನು ಒಮ್ಮೆ ನೋಡಿದಳು. ಒಂದು ಕಾಳು ಎತ್ತಿದಳು. ಹಾಕಿದಳು.

ಮೊದಲ ಉಡಿಗೆ ಯಾವ ಮಾತೂ ಅಂಟಿಕೊಂಡಿರಲಿಲ್ಲ ಎಂಬುದು ಶರಣನಿಗೆ ಆಗ ಹೊಳೆಯಿತು. ಕೊಬ್ಬರಿ ತಿಂದು, ಸೀರೆ ಉಟ್ಟು, ಹೋಗಿ ಯಾದಗಿರಿಗೆ ಠಸ್ಸೆ ಒತ್ತಿ ಬರುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಮಾತಿನ ಗಂಟು ಬಿಗಿದಿದ್ದು ಗುರುಸಿದ್ದಪ್ಪನಲ್ಲ, ತಾನು.

ಓಟಿನ ದಿನ ಬೆಳಿಗ್ಗೆ ಅವನು ತಾಯಿಯ ಮುಂದೆ ಕುಳಿತ. “ಏಳು ಬೇ, ಹೋಗೂಣು.”

“ನಾ ಬರಂಗಿಲ್ಲ.”

“ಒಳಗ ಯಾರು ನೋಡ್ತಾರ? ನಿನಗ ಬೇಕಾದವರಿಗೆ ಒತ್ತು.”

“ಅಕ್ಕಿ ಹಾಕಿದ ಕೈ ಇದು. ಇದರಲೇ ಮಾತು ತಪ್ಪಲ್ಯಾ? ಮೋರಿ ನೀರು ಕುಡಿಸಿದವಗ ಒತ್ತಾಕೂ ಈ ಕೈ ಏಳಂಗಿಲ್ಲ. ಎರಡೂ ಆಗೂದಿಲ್ಲಪಾ. ಮನ್ಯಾಗ ಇರ್ತೀನಿ, ಬಿಡು.”

“ಅಕ್ಕಾ, ನೀನಾರ…”

ಶಿವದೇವಿ ಹಸಿರು ಬಳೆಗಳನ್ನು ನೋಡುತ್ತ ಕುಳಿತಿದ್ದಳು. ಗೋಡೆಯ ಕಡೆ ಹೊರಳಿದಳು.

ಗಲ್ಲಿಯ ತುಂಬ ಹಾಗೇ. ಒಂದು ಬಾಗಿಲಿಗೆ ಒಳಗಿನಿಂದ ಚಿಲಕ. ಇನ್ನೊಂದಕ್ಕೆ ಬೀಗ, ಆ ಮನೆಯಾಕೆ ಮಕ್ಕಳನ್ನು ಕರೆದುಕೊಂಡು ಕೋಠಿ ಬಜಾರಿಗೆ ಬಟ್ಟೆ ತರಲು ಹೋಗಿದ್ದಳಂತೆ. ಮತ್ತೊಬ್ಬಳಿಗೆ ಇದ್ದಕ್ಕಿದ್ದಂತೆ ಲಿಂಗಂಪಲ್ಲಿಯ ನಾದಿನಿಯ ನೆನಪಾಗಿತ್ತು. ಕೆಲವರು ಹೋದರು, ಕೊಟ್ಟ ಮಾತಿನಂತೆ ಒತ್ತಿ, ತಲೆ ತಗ್ಗಿಸಿಕೊಂಡು ಬಂದರು. ಸುಳ್ಳನ ಜೊತೆ ಸುಳ್ಳಾಡಲು ಬಾರದ ಜನ. ಇವರನ್ನೇ ಅವನು ‘ಮಾರಿಕೊಂಡೀರಿ’ ಎಂದಿದ್ದ.

ಓಟು ನಡೆಯುತ್ತಿದ್ದ ಶಾಲೆಯ ಗೇಟಿನಿಂದ ದೂರ ಗುರುಸಿದ್ದಪ್ಪ ಬಿಳಿ ಅಂಗಿಯಲ್ಲಿ ನಿಂತಿದ್ದ. ಶರಣನನ್ನು ಕಂಡು ಕೈಮುಗಿದ. “ಬಾರಪಾ ಅಳಿಯಾ, ಬಿಸಲಾಗ ಯಾಕ ನಿಂತಿ? ಮಜ್ಜಿಗಿ ಕುಡಿ.” ಅಣಕವೇ ಆಗಿದ್ದರೆ ಸಹಿಸಬಹುದಿತ್ತು. ಅದರಲ್ಲಿ ನಿಜವಾದ ಪ್ರೀತಿಯಿತ್ತು.

ರಸ್ತೆಯ ಈಚೆ ಬೇವಿನ ಗಿಡದ ಕೆಳಗೆ ಯಾದಗಿರಿ ಇದ್ದ. ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡಿತ್ತು. ಹೊಸ್ತಿಲಿಗೆ ಸುರಿದ ಸುದ್ದಿ ಅವನ ಕಿವಿಗೆ ಬಿದ್ದಿತ್ತು, ಆದರೂ ಒಂದು ಮಾತೂ ಆಡಿರಲಿಲ್ಲ. ಆಮೇಲೆ ಹೆಂಗಸರ ನಡುವೆ ನಡೆದದ್ದು ಅವನಿಗೆ ತಿಳಿದಿರಲಿಲ್ಲ. ಅವನು ಮತ್ತೆ ಮತ್ತೆ ಗಲ್ಲಿಯ ಕಡೆಗೇ ನೋಡುತ್ತಿದ್ದ.

“ತಮ್ಮೀ,” ಎಂದ ಮೆಲ್ಲಗೆ, ತನಗೆ ಬರುವಷ್ಟು ಕನ್ನಡದಲ್ಲಿ, “ನಿಮ್ಮ ಅಕ್ಕ ಕುಬಸ ಆದ ಮರುದಿನ ನಮ್ಮ ಮನೀಗೆ ಬಂದಿತ್ತು. ‘ಗಲ್ಲಿ ಹೆಂಗಸರನ್ನೆಲ್ಲ ಮಾತಾಡಿಸೀನಿ, ಎಲ್ಲರ ಓಟೂ ನಿಮಗೇ ಅಣ್ಣಾ, ಗಂಡಸರಿಗೆ ಹೇಳಬ್ಯಾಡ್ರಿ’ ಅಂತ ಹೇಳಿ ಹೋಗಿತ್ತು. ನಾನು ಅದೇ ಧೈರ್ಯದ ಮೇಲೆ ನಿಂತೀನಿ. ಯಾಕೆ ಯಾರೂ ಬರ್ತಾ ಇಲ್ಲ? ಯಾರಾದ್ರೂ ಹೆದರಿಸಿದ್ರಾ?”

ಯಾದಗಿರಿ ಸಿಟ್ಟಾಗಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ ಚೆನ್ನಾಗಿತ್ತು. ಅವನು ಸುಮ್ಮನೆ, ಜ್ವರ ಬಂದವನನ್ನು ವಿಚಾರಿಸುವಂತೆ ಮುಖ ನೋಡುತ್ತ ನಿಂತಿದ್ದ.

“ಹೇಳು ತಮ್ಮೀ, ಏನಾಯ್ತು?”

ಶರಣ ಕಾಲಿನ ಚಪ್ಪಲಿ ಸರಿಮಾಡಿಕೊಂಡ. ಶಾಲೆಗೆ ಬೆನ್ನು ಮಾಡಿ, ಗಲ್ಲಿಯ ದಾರಿಯನ್ನೂ ಬಿಟ್ಟು, ಕಾರ್ಖಾನೆಗಳ ಗೋಡೆಯ ಗುಂಟ ನಡೆಯುತ್ತ ಹೋದ. ಹಿಂದಿನಿಂದ ಯಾದಗಿರಿ ಇನ್ನೊಮ್ಮೆ ಕರೆದ. ಅವನು ತಿರುಗಲಿಲ್ಲ.