ಕೊಳವೆಯೊಳಗಿನ ಬೆಂಕಿಯ ಬಣ್ಣ

ನಾನೊಂದು ಗಾಜಿನ ಕೊಳವೆ. ಗೇಣುದ್ದದ ದಪ್ಪ ಗಾಜು, ಹಿತ್ತಾಳೆಯ ಬುಡ, ಒಳಗೆ ಓಡಾಡುವ ದಂಡ, ಅದರ ತುದಿಗೆ ತೊಗಲಿನ ವಾಷರ್. ಇಷ್ಟೇ ನನ್ನ ಸಂಸಾರ. ಗದಗಿನಲ್ಲಿದ್ದ ತಮ್ಮ ಲೇತ್ ಅಂಗಡಿಯಲ್ಲಿ ಮೋನಪ್ಪ ಕಮ್ಮಾರರು ನನ್ನನ್ನು ಮಾಡಿದರು. ಅವರ ಮಗಳು ದಾಕ್ಷಾಯಣಿಗೆ ಆಗಷ್ಟೇ ವಿಜ್ಞಾನ ಟೀಚರ್ ಕೆಲಸ ಸಿಕ್ಕಿತ್ತು. ನನ್ನ ಚಿತ್ರ ಬರೆದುಕೊಟ್ಟವಳು ಅವಳೇ.

"ಕಡ್ಡಿಪೆಟ್ಟಿಗಿ ಇಲ್ದ, ಬರೇ ಗಾಳಿ ಒತ್ತಿದ್ರ ಬೆಂಕಿ ಹತ್ತತೈತಿ? ಯಾರ ಕಿವಿ ಮ್ಯಾಲ ಹೂ ಇಡ್ತಿ ಯವ್ವಾ?" ಎಂದು ಮೋನಪ್ಪನವರು ನಕ್ಕರು. ನಂಬಲಿಲ್ಲ. ಆದರೂ ದಂಡ ಬಿಗಿಯಾಗಿ ಕೂರಬೇಕೆಂದು ಮೂರು ವಾಷರ್ ಕತ್ತರಿಸಿ ಬಿಸಾಡಿ, ನಾಲ್ಕನೆಯದನ್ನು ಹಾಕಿದರು!

ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನನ್ನ ದರ್ಬಾರು ಶುರುವಾಯಿತು. ಟೀಚರ್ ನನ್ನ ಬುಡಕ್ಕೆ ಚೂರು ಒಣ ಅರಳೆ ಹಾಕಿ, ದಂಡವನ್ನು ಒಮ್ಮೆಲೇ ರಭಸದಿಂದ ಒತ್ತುತ್ತಿದ್ದಳು. ಹೊರಹೋಗಲು ದಾರಿಯಿಲ್ಲದ ಗಾಳಿ ಇಕ್ಕಟ್ಟಿಗೆ ಸಿಕ್ಕಿ ಬಿಸಿಯೇರುತ್ತಿತ್ತು, ಅರಳೆ ಭಗ್ಗೆನ್ನುತ್ತಿತ್ತು. ಮೆಲ್ಲಗೆ ಒತ್ತಿದರೆ ಶಾಖವೆಲ್ಲ ನನ್ನ ಗಾಜಿಗೇ ಸೋರಿಹೋಗುತ್ತದೆ, ಏನೂ ಹತ್ತುವುದಿಲ್ಲ. "ಲಾರಿಯ ಡೀಸೆಲ್ ಇಂಜಿನ್ನೂ ಹಿಂಗ ಉರೀತೈತಿ" ಎನ್ನುತ್ತಿದ್ದಳು. ಹುಡುಗಿಯರ "ಅಯ್ಯಯ್ಯವ್ವಾ!" ಕೇಳಿ ನಾನು ಹಿಗ್ಗುತ್ತಿದ್ದೆ. ಎಂಥ ದಿನಗಳು ಅವು!

ಮೋನಪ್ಪನವರು ಮಾತ್ರ ಶಾಲೆಗೆ ಬಂದು ನೋಡದೆ, "ನಾಳೆ ಬರ್ತೀನಿ" ಎನ್ನುತ್ತಲೇ ವರ್ಷಗಳನ್ನು ಕಳೆದರು. ಅಷ್ಟರಲ್ಲಿ ಅವರ ಕಣ್ಣಿನ ನರ ಸೋತಿತು. ದೃಷ್ಟಿ ಇನ್ನು ಕೆಲವೇ ದಿನ ಎಂದರು ಡಾಕ್ಟರು. ಪೂರ್ತಿ ಕತ್ತಲಾಗುವ ಮೊದಲು ಅಪ್ಪ ಒಂದು ಸಲವಾದರೂ ಈ ಬೆಂಕಿ ನೋಡಬೇಕೆಂದು ದಾಕ್ಷಾಯಣಿ ಹಟ ಹಿಡಿದಳು.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಕಿಟಕಿಗಳಿಗೆ ಕಂಬಳಿ ಕಟ್ಟಿ, ಅಪ್ಪನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದಳು. ಅಪ್ಪನೆದುರು ನಾನು ಒಡೆದುಹೋದರೆ ಎಂಬ ಅಂಜಿಕೆ ಅವಳಿಗೆ. ಮೆಲ್ಲಗೆ ಒತ್ತಿದಳು, ಬೆಂಕಿಯಿಲ್ಲ. ಮತ್ತೆ ಒತ್ತಿದಳು, ಇಲ್ಲ. ನನಗೋ ನಾಚಿಕೆಯಿಂದ ಸಾಯುವಂತಾಯಿತು.

"ಒಡೀತೈತಂತ ಅಂಜತಿಯೇನ? ಜೋರಾಗಿ ಒತ್ತ ಯವ್ವಾ. ನಾ ಮಾಡಿದ್ದು ಒಡಿಯೂದಿಲ್ಲ!"

ಮೈಯಲ್ಲಿನ ಬಲವೆಲ್ಲ ಹಾಕಿ ಒತ್ತಿದಳು. ಹಳದಿ ಬೆಳಕೊಂದು ನನ್ನೊಳಗೆ ಫಳ್ಳನೆ ಹೊಳೆದು ಆರಿತು. ಆ ಹೊತ್ತಿನಲ್ಲಿ ಮೋನಪ್ಪನವರ ಮುಖ ಗೋಡೆಯ ಕಡೆಗಿತ್ತು. ದಂಡ ಹೊರತೆಗೆದಾಗ ಸುಟ್ಟ ಅರಳೆಯ ವಾಸನೆ ಬಂತು. ಥಟ್ಟನೆ ಅವರು ಇತ್ತ ತಿರುಗಿದರು.

"ಕಂಡ್ತು ಯವ್ವಾ! ಕೆಂಪಗ, ನಮ್ಮ ಕುಲುಮಿ ಬೆಂಕಿ ಹಂಗ!"

ದಾಕ್ಷಾಯಣಿ ನನ್ನನ್ನು ಕೆಳಗಿಟ್ಟು ಅಪ್ಪನ ಕೈ ಹಿಡಿದಳು. "ಹೌದಪಾ, ಕೆಂಪಗ" ಎಂದಳು.

ಆಮೇಲೆಯೂ ಎಷ್ಟೋ ವರ್ಷ ನಾವಿಬ್ಬರೂ ಪಾಠ ಮಾಡಿದೆವು. "ಹಳದಿ ಬಂತ್ರೀ ಟೀಚರ್" ಎಂದು ಹುಡುಗಿಯರು ಕೂಗಿದರೆ, "ಹಳದಿ ಅಂತನ ಬರಕೋರಿ. ನಮ್ಮಪ್ಪಗ ಕೆಂಪು ಕಂಡಿತ್ತು" ಎನ್ನುತ್ತಿದ್ದಳು.

ಈಗ ಮೋನಪ್ಪನವರಿಲ್ಲ. ನಿವೃತ್ತಳಾದ ಟೀಚರ್ ಮನೆಯ ಕಪಾಟಿನಲ್ಲಿ ನಾನಿದ್ದೇನೆ, ವಾಷರ್ ಒಣಗಿ ಬಿರಿದಿದೆ. ಆ ಬೆಂಕಿ ಹತ್ತಿದ್ದು ನನ್ನ ಹೊಟ್ಟೆಯಲ್ಲೇ, ಅದರ ಬಣ್ಣ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಯಾರಾದರೂ ಕೇಳಿದರೆ, ನಾನೂ ಕೆಂಪೆಂದೇ ಹೇಳುತ್ತೇನೆ.