ಮೊದಲು ಹೇಳಿದವರದ್ದು

ಲೊರೇನ್ ಮತ್ತು ಹಾಲಿಸ್ ಟಟ್ಲ್ ಅವರ ಮನೆಯಲ್ಲಿ ಒಂದು ಕಾನೂನಿತ್ತು. ಗಂಡ ಹೆಂಡತಿ ಇಬ್ಬರೂ ಹೈಕು ಎಂಬ ಮೂರು ಸಾಲಿನ ಪದ್ಯ ಬರೆಯುವವರು, ಒಂದೇ ದಾರಿಯಲ್ಲಿ ನಡೆದು ಒಂದೇ ಕಿಟಕಿಯಿಂದ ನೋಡುವವರು. ಕಣ್ಣಿಗೆ ಬಿದ್ದದ್ದರ ಹಕ್ಕು ಯಾರದೆಂಬ ತಕರಾರು ಬೇಡವೆಂದು ಮದುವೆಯಾದ ಹೊಸತರಲ್ಲೇ ಮಾತಾಗಿತ್ತು. ಯಾರು ಮೊದಲು "ನಂದು" ಅನ್ನುತ್ತಾರೋ ಅದು ಅವರದು. ಇನ್ನೊಬ್ಬರು ಅದರ ಮೇಲೆ ಒಂದು ಸಾಲೂ ಬರೆಯುವಂತಿಲ್ಲ.

ಕಾನೂನೇನೋ ಸರಿಯಾಗಿತ್ತು, ಗಂಡ ಹಾಲಿಸ್‌ನ ನಾಲಿಗೆ ಚುರುಕಾಗಿತ್ತು. ಬೇಲಿಯ ಮೇಲಿನ ಕಾಗೆ, ಹಿಮ ಕರಗಿದ ಮೇಲೆ ಅಂಗಳದಲ್ಲಿ ಕಂಡ ಬಟ್ಟೆ ಕ್ಲಿಪ್ಪು, ಎಲ್ಲವೂ ಅವನ ಪಾಲಿಗೇ. ಲೊರೇನ್ ನೋಡುವುದರಲ್ಲಿ ಮುಂದು, ಹೇಳುವುದರಲ್ಲಿ ಹಿಂದು. ವರ್ಮಾಂಟ್‌ನ ಆ ಚಿಕ್ಕ ಊರಿನ ಹೈಕು ಕೂಟದಲ್ಲಿ ಅವನಿಗೆ ಹೆಸರು, ಇವಳಿಗೆ ಕಾಫಿ ಕಾಸುವ ಕೆಲಸ.

ಆದರೂ ಅವಳು ಬರೆಯುವುದು ಬಿಡಲಿಲ್ಲ. ಬೆರಳು ಮಡಿಸಿ ಹದಿನೇಳು ಅಕ್ಷರ ಎಣಿಸುವುದೇ ಹೈಕು ಎಂದು ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾರೆ; ಕೂಟದವರು ಅದಕ್ಕೆ ನಗುತ್ತಾರೆ. ಇಂಗ್ಲಿಷಿನಲ್ಲಿ ಅಷ್ಟು ತುಂಬಿದರೆ ಪದ್ಯಕ್ಕೆ ಹೊಟ್ಟೆಯುಬ್ಬರ. ಎರಡು ಚಿತ್ರ ಪಕ್ಕಪಕ್ಕ ಇಡು, ನಡುವೆ ಸ್ವಲ್ಪ ಜಾಗ ಬಿಡು, ಬಾಯಿ ಮುಚ್ಚಿಕೋ. ಅವರ ಪಾಠ ಇಷ್ಟೇ. ಯಾರಾದರೂ "ದುಃಖ" ಎಂದು ಬರೆದು ತಂದರೆ ಅದನ್ನು ಅವರ ಕೈಯಲ್ಲೇ ಹೊಡೆದು ಹಾಕಿಸುತ್ತಿದ್ದರು. ಲೊರೇನ್‌ಗೆ ಹಿಡಿಸಿದ್ದು ಇದೇ. ಇವತ್ತು ಒಂದನ್ನಾದರೂ ಸರಿಯಾಗಿ ನೋಡಿದೆ ಎಂಬ ಸಮಾಧಾನ ಅವಳಿಗೆ ಇಗರ್ಜಿಯಲ್ಲೂ ಸಿಕ್ಕಿರಲಿಲ್ಲ.

ಒಂದು ಮುಳ್ಳು ಮಾತ್ರ ಉಳಿದಿತ್ತು. ತಾಯಿಯನ್ನು ಮಣ್ಣು ಮಾಡಿ ಬಂದ ದಿನ ಲೊರೇನ್ ತವರಿನ ಹಿತ್ತಲ ಬಾಗಿಲಲ್ಲಿ ನಿಂತುಬಿಟ್ಟಳು. ತಾಯಿಯ ಬೂಟು ಅಲ್ಲಿ ಬಿಟ್ಟಲ್ಲೇ ಇತ್ತು. ಪಕ್ಕದಲ್ಲಿದ್ದ ಹಾಲಿಸ್ ಮೆಲ್ಲಗೆ "ನಂದು" ಅಂದ.

ಅಂತ್ಯಕ್ರಿಯೆ ಮುಗಿದು
ಹಿತ್ತಲ ಬಾಗಿಲಲ್ಲಿ
ಕೆಸರು ಮೆತ್ತಿದ ಬೂಟು

ಅದಕ್ಕೆ ಆ ವರ್ಷದ ಮೊದಲ ಬಹುಮಾನ ಬಂತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಈ ಜಗಳ ಎಷ್ಟು ಉಂಡರೂ ಎಷ್ಟು ಮಲಗಿದರೂ ಮುಗಿಯಲಿಲ್ಲ.

ಈ ಚಳಿಗಾಲದಲ್ಲಿ ಹಾಲಿಸ್ ಒಲೆ ಆರಿಸುವುದನ್ನು ಮರೆಯತೊಡಗಿದ. ಕೂಟದಲ್ಲಿ ಹಿಂದಿನ ಸಲ ಓದಿದ ಹೈಕುವನ್ನೇ ಹೊಸದೆಂದು ಮತ್ತೆ ಓದಿದ. ಎಲ್ಲರೂ ಕಾಫಿ ಲೋಟ ನೋಡುತ್ತ ಕೂತರು. ಮರುದಿನವೇ ಲೊರೇನ್ ಆಸ್ಪತ್ರೆಗೆ ಹೇಳಿಟ್ಟಳು.

"ಬರ್ತೀನಿ, ಆದ್ರೆ ಮಾತಾಡೋನು ನಾನು. ನೀನು ನಡುವೆ ಬಾಯಿ ಹಾಕ್ಬೇಡ," ಅಂದ ಹಾಲಿಸ್.

"ನಿನ್ನ ಮುಂದೆ ನಾನು ಯಾವತ್ತು ಬಾಯಿ ಹಾಕಿದ್ದೆ ಮಾರಾಯ!"

ಡಾಕ್ಟರ್ ಪೆಲ್ಕಿ ಎಳೆಯ ವಯಸ್ಸಿನ ಹೆಣ್ಣುಮಗಳು. ಸೇಬು, ಮೇಜು, ನಾಣ್ಯ ಎಂದು ಮೂರು ಪದ ಹೇಳಿ, ನೆನಪಿಟ್ಟುಕೊಳ್ಳಿ, ಆಮೇಲೆ ಕೇಳುತ್ತೇನೆ ಅಂದಳು. ಅದೂ ಇದೂ ಮಾತಾಡಿ, ತಾರೀಖು ಕೇಳಿ, ಮತ್ತೆ ಅಲ್ಲಿಗೇ ಬಂದಳು.

"ಸೇಬು," ಅಂದ ಹಾಲಿಸ್. "ನಾಣ್ಯ."

"ಇನ್ನೊಂದಿತ್ತಲ್ಲ, ಟಟ್ಲ್ ಅವರೇ?"

"ಇತ್ತು. ತೆಗ್ದು ಹಾಕ್ದೆ. ನಾವು ಹೈಕು ಬರೆಯೋರು ಡಾಕ್ಟ್ರೇ, ನಮಗೆ ಎರಡು ಚಿತ್ರ ಸಾಕು. ಮೂರನೇದು ಬಂದ್ರೆ ಪದ್ಯ ಕೆಡುತ್ತೆ."

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ನಿಮ್ಮ ತಲೆ ನನಗಿಂತ ಚೆನ್ನಾಗಿದೆ ಬಿಡಿ. ಆರು ತಿಂಗಳು ಬಿಟ್ಟು ಬನ್ನಿ," ಎಂದು ಬರೆದುಕೊಟ್ಟಳು.

ಲೊರೇನ್ ನೋಡಿದ್ದು ಗಂಡನ ಹೆಬ್ಬೆರಳನ್ನು. ಅದು ಪ್ಯಾಂಟಿನ ಹೊಲಿಗೆಯನ್ನು ತಿಕ್ಕುತ್ತಿತ್ತು. ಪದ ಸಿಗದಾಗ ಅವನು ಹಾಗೆ ಮಾಡುತ್ತಿದ್ದ. ತೆಗೆದು ಹಾಕಿಲ್ಲ, ಕಳೆದುಕೊಂಡಿದ್ದಾನೆ. ಅವಳಿಗೆ ಭಯವಾಯಿತು. ಸಮಯಕ್ಕೆ ಅವನಿಗೆ ಹೊಳೆದ ಚಮತ್ಕಾರಕ್ಕೆ ಒಂದಿಷ್ಟು ಹೆಮ್ಮೆಯೂ ಆಯಿತು. ಎರಡರ ನಡುವೆ ಅವಳು ಡಾಕ್ಟರಿಗೆ ಅದನ್ನು ಹೇಳದೆ ಎದ್ದು ಬಂದಳು.

ಹೊರಗೆ ಹಿಮ ಬಿದ್ದು ನಿಂತಿತ್ತು. ಬಾಗಿಲ ಪಕ್ಕ ಯಾರೋ ಗಾಲಿಕುರ್ಚಿಯೊಂದನ್ನು ಬಿಟ್ಟು ಹೋಗಿದ್ದರು. ಅದರ ತುಂಬ ಹಿಮ, ಯಾರೋ ಕೂತಷ್ಟು ಎತ್ತರಕ್ಕೆ. ಮೊದಲು ಕಂಡದ್ದು ಲೊರೇನ್‌ಗೆ. "ನಂದು" ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡು ನಿಂತಳು. ಇಷ್ಟು ವರ್ಷ ಯಾವ ಮಾತಿಗೆ ಮೈಯೆಲ್ಲ ಉರಿಯುತ್ತಿತ್ತೋ ಅದೇ ಮಾತು ಇವತ್ತು ಅವನ ಬಾಯಿಂದ ಬರಲಿ ಎಂದು ಅವಳ ಜೀವ ಹಾತೊರೆಯಿತು. ಹೇಳು, ಮಾರಾಯ, ಹೇಳು.

ಹಾಲಿಸ್ ಬಹಳ ಹೊತ್ತು ಕುರ್ಚಿಯನ್ನೇ ನೋಡಿದ.

"ನಂದು," ಅಂದ.

"ನಿಂದೇ, ಹೊಟ್ಟೆಬಾಕ," ಅಂದಳು ಲೊರೇನ್. ಹೋದ ಜೀವ ಬಂದಂತಾಗಿತ್ತು.

"ನೀನೇ ಬರ್ಕೋ, ಈಗ್ಲೇ. ಮನೆ ಮುಟ್ಟೋ ಹೊತ್ತಿಗೆ ನನ್ಹತ್ರ ಇರಲ್ಲ."

ಅವಳು ಕಾರು ನಿಲ್ಲಿಸಿದ ಚೀಟಿಯನ್ನು ತಿರುಗಿಸಿ, ಅದರ ಬೆನ್ನಿಗೆ ಬರೆದಳು. ಬೂಟಿನ ಸಿಟ್ಟು ಹೋಗಿರಲಿಲ್ಲ. ಆದರೂ ಕೆಳಗೆ ಅವನ ಹೆಸರನ್ನೇ ಹಾಕಿದಳು.

"ಲೊರೇನ್, ಒಳಗೆ ಅವಳು ಹೇಳಿದ್ಳಲ್ಲ, ಆ ಇನ್ನೊಂದು. ಏನದು?"

"ಮೇಜು."

"ಮೇಜು." ಅವನು ಅದನ್ನು ಬಾಯಲ್ಲಿಟ್ಟು ರುಚಿ ನೋಡಿದ. "ಚೆನ್ನಾಗೇ ಇದೆ. ಇದನ್ನ ನಾನು ತೆಗೀತಿರಲಿಲ್ಲ."

ಲೊರೇನ್ ಚೀಟಿಯನ್ನು ಜೇಬಿಗಿಟ್ಟು, ಅವನ ತೋಳು ಹಿಡಿದು, ಡಾಕ್ಟರಿದ್ದ ಕಡೆಗೇ ತಿರುಗಿದಳು. ಹಾಲಿಸ್ ತಾನೇ ಬಾಗಿಲು ತಳ್ಳಿದ.