ಗದ್ದೆಪ್ಪನ ಎಡಗೈ

ಗದ್ದೆಪ್ಪ ಅಂಗಿಯ ತೋಳು ಮೇಲೇರಿಸಿದ. ಎಡಮುಂಗೈ ಬೋರಲು ಹಾಕಿದ ಬಟ್ಟಲಿನಂತೆ ಊದಿ, ನೀರುಗುಳ್ಳೆ ಎದ್ದು, ನಡುವೆ ಕಪ್ಪಗೆ ಸುಟ್ಟಿತ್ತು. ರಾಯಚೂರಿನ ಡಾಕ್ಟರು ಅಳೆಯಲು ತೆಗೆದಿದ್ದ ಸ್ಕೇಲನ್ನು ಹಾಗೇ ಮೇಜಿನ ಮೇಲಿಟ್ಟರು.

"ಬಾವು ಬಂದದ್ರೀ ಯಪ್ಪಾ," ಎಂದಳು ಹೆಂಡತಿ ಅಯ್ಯಮ್ಮ, ಯಾರೂ ಕೇಳದಿದ್ದರೂ.

ಗದ್ದೆಪ್ಪನ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಇದೆ ಎಂದು ಮೂರು ದಿನದ ಹಿಂದೆ ತಿಳಿಸಿ, ಮುಂಗೈಗೆ ಸೂಜಿ ಚುಚ್ಚಿ, ಡಾಕ್ಟರೇ ಹೇಳಿದ್ದರು: "ಚುಚ್ಚಿದಲ್ಲಿ ಬಾವು ಬಂದ್ರ ಮೈಯಾಗ ಇನ್ನೂ ಬಡದಾಡೋ ಶಕ್ತಿ ಅದ ಅಂತ. ಆಪರೇಷನ್‌ಗೆ ಹೈದರಾಬಾದಿಗೆ ಚೀಟಿ ಬರೀತೀನಿ. ಬರಲಿಲ್ಲಂದ್ರ ಕೊಯ್ದೂ ಉಪಯೋಗಿಲ್ಲ."

ಅಂದಿನಿಂದ ಮಾನ್ವಿಯ ಆ ಮಡಿವಾಳರ ಮನೆಯಲ್ಲಿ ಗದ್ದೆಪ್ಪನ ಕೈಯನ್ನು ನೋಡಿದಷ್ಟು ದೇವರನ್ನೂ ಯಾರೂ ನೋಡಲಿಲ್ಲ. ಎರಡನೆಯ ದಿನ ನಾಲ್ಕಾಣೆ ಬಿಲ್ಲೆಯಷ್ಟು ಉಬ್ಬು ಎದ್ದಿತು. ಅಷ್ಟಕ್ಕೆ ಸುಮ್ಮನಿದ್ದರೆ ಅವಳು ಅಯ್ಯಮ್ಮ ಹೇಗಾದಾಳು? ಇಷ್ಟು ಸಣ್ಣದಕ್ಕೆ ಡಾಕ್ಟರು ಒಪ್ಪಲಿಕ್ಕಿಲ್ಲವೆಂದು, ಒಗೆಯುವ ಬಟ್ಟೆಗೆ ಗುರುತು ಹಾಕುವ ಕೇರು ಬೀಜದ ರಸವನ್ನು ಅದರ ಮೇಲೆ ಹಚ್ಚಿದಳು. ಮೈಗೆ ತಾಗಿದರೆ ಗುಳ್ಳೆ ಏಳಿಸುವ ರಸ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

ಡಾಕ್ಟರು ತಮ್ಮ ಅಂಗಿಯ ಕಾಲರು ಮಡಚಿ, ಒಳಗಿದ್ದ ಅಗಸರ ಕಪ್ಪು ಗುರುತನ್ನು ತೋರಿಸಿದರು. "ಇದೂ ಅದೂ ಒಂದೇ ಅಲ್ಲೇನವ್ವಾ?"

ಅಯ್ಯಮ್ಮನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. "ನಾನೇ ಹಚ್ಚಿಕೊಂಡೀನ್ರೀ," ಎಂದು ಗಂಡ ತಪ್ಪನ್ನು ಮೈಮೇಲೆ ಎಳೆದುಕೊಂಡಾಗ ನಾಚಿಕೆ ಇಮ್ಮಡಿಯಾಯಿತು.

"ಸುಳ್ಳರೀ, ಹಚ್ಚಿದಾಕಿ ನಾನು. ಆದ್ರ ಖರೇನ ಮೊದಲ ತಾನೇ ಬಂದಿತ್ರೀ, ಇಷ್ಟು," ಎಂದು ಬೆರಳು ಜೋಡಿಸಿ ತೋರಿಸಿದಳು.

"ಈಗ ನಾ ಹೆಂಗ ನಂಬಲಿ?"

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಲಗೈಗೆ ಹೊಸದಾಗಿ ಚುಚ್ಚಿದರು. ಮೂರು ದಿನ ರೋಗಿ ವಾರ್ಡಿನಲ್ಲೇ ಇರಬೇಕು, ಹೆಂಡತಿ ಹತ್ತಿರ ಸುಳಿಯಕೂಡದು ಎಂದು ನರ್ಸಿಗೆ ಹೇಳಿದರು. ಅಯ್ಯಮ್ಮ ರೊಟ್ಟಿಯ ಗಂಟನ್ನು ನರ್ಸಿನ ಕೈಗೆ ಕೊಟ್ಟು ಹೊರಗೆ ಕುಳಿತಳು.

ಮರುದಿನ ಮಧ್ಯಾಹ್ನ ಗದ್ದೆಪ್ಪ ಮಂಚದ ಮೇಲಿಂದ ಕರೆದ.

"ಯಾರೂ ಇಲ್ಲ, ಒಳಗ ಬಾ."

ಅಷ್ಟರಲ್ಲಿ ಕೆಮ್ಮು ಬಂದು ಬಾಗಿಬಿಟ್ಟ. ಬೆನ್ನು ನೀವಲು ಅಯ್ಯಮ್ಮ ಎದ್ದು ಬಾಗಿಲವರೆಗೆ ಓಡಿದಳು. ಹೊಸ್ತಿಲಲ್ಲಿ ನಿಂತುಬಿಟ್ಟಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅವನ ಕೆಮ್ಮು ನಿಲ್ಲುವವರೆಗೂ ಅಲ್ಲೇ ನಿಂತಿದ್ದಳು.